ಮನೆ ಬೆಲೆ ಬಿದ್ದ ವರ್ಷ ತೆರಿಗೆ ಯಾಕೆ ಏರಿತು? ಕ್ಯಾಲಿಫೋರ್ನಿಯಾದ ಪ್ರೊಪೊಸಿಷನ್ 8ರ ಲೆಕ್ಕ

2023ರ ಜುಲೈ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಗೆಳೆಯನೊಬ್ಬನ ಮನೆಗೆ ಊಟಕ್ಕೆ ಹೋಗಿದ್ದೆ. ಕೈ ತೊಳೆದು ಕೂತ ಮೇಲೆ ಅವನು ಫ್ರಿಜ್ ಬಾಗಿಲಿಗೆ ಸಿಕ್ಕಿಸಿದ್ದ ಒಂದು ಕಾಗದ ತೆಗೆದು ನನ್ನ ಮುಂದಿಟ್ಟ. ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಅಸೆಸರ್, ಅಂದರೆ ತೆರಿಗೆಗಾಗಿ ಆಸ್ತಿಗೆ ಬೆಲೆ ಕಟ್ಟುವ ಅಧಿಕಾರಿಯ ಕಚೇರಿಯಿಂದ ಬಂದ ನೋಟಿಸ್.

"ನೋಡು ಮಾರಾಯ, ಹೋದ ವರ್ಷ ಏಪ್ರಿಲಿನಲ್ಲಿ 20 ಲಕ್ಷ ಡಾಲರ್ ಕೊಟ್ಟು ತಗೊಂಡೆ. ಹಿಂದಿನ ಬೀದಿಯಲ್ಲಿ ಇಂಥದ್ದೇ ಮನೆ ಈ ಜನವರಿಯಲ್ಲಿ ಹದಿನೇಳೂವರೆಗೆ ಹೋಯ್ತು. ಇವರು ನೋಡಿದರೆ ನನ್ನ ಮನೆ 20 ಲಕ್ಷದ 40 ಸಾವಿರ ಅಂತಿದ್ದಾರೆ. ಬೆಲೆ ಇಳಿದಿದೆ, ತೆರಿಗೆ ಏರಿದೆ. ಇದೆಂಥ ಲೆಕ್ಕ?"

ಅವನ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಆ ರಾಜ್ಯದ ಸಂವಿಧಾನದಲ್ಲಿ 1978ರಿಂದಲೇ ಇದೆ. ಆದರೆ ಅದು ತಾನಾಗಿಯೇ ಎಲ್ಲರ ಮನೆ ಬಾಗಿಲಿಗೆ ಬರುತ್ತದೆ ಅಂತ ಹೇಳಲಾಗದು. ಎಷ್ಟೋ ಸಲ ನಾವೇ ಕೇಳಬೇಕು. ಕೇಳುವುದು ಹೇಗೆ, ಯಾವಾಗ, ಏನು ಸಿಗುತ್ತದೆ, ಸಿಕ್ಕಿದ್ದು ಎಷ್ಟು ದಿನ ಉಳಿಯುತ್ತದೆ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ಮನೆ ಮಾಡಿರುವ ನಮ್ಮವರು ತುಂಬಾ ಜನ ಇದ್ದಾರೆ. ಅವರಲ್ಲಿ ಅನೇಕರು ಬೆಲೆ ನೆತ್ತಿಗೇರಿದ ಹೊತ್ತಿನಲ್ಲೇ ಕೊಂಡವರು. ಈ ನಿಯಮ ಮುಖ್ಯವಾಗಿ ಬೇಕಾಗಿರುವುದು ಅಂಥವರಿಗೇ.

ಮೊದಲು ಆ 40 ಸಾವಿರ ಎಲ್ಲಿಂದ ಬಂತು ಅಂತ ನೋಡೋಣ.

1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮನೆಗಳ ಬೆಲೆ ಒಂದೇ ಸಮನೆ ಏರಿತು. ಬೆಲೆಯ ಹಿಂದೆಯೇ ತೆರಿಗೆಯೂ ಏರಿತು. ಸಾಲವೆಲ್ಲ ತೀರಿಸಿ ಪಿಂಚಣಿಯಲ್ಲಿ ಬದುಕುತ್ತಿದ್ದ ವಯಸ್ಸಾದವರಿಗೆ ಸ್ವಂತ ಮನೆಯ ತೆರಿಗೆ ಕಟ್ಟುವುದೇ ಕಷ್ಟವಾಯಿತು. ಜನ ರೊಚ್ಚಿಗೆದ್ದರು. ತೆರಿಗೆ ವಿರುದ್ಧ ಹೋರಾಡುತ್ತಿದ್ದ ಹೋವರ್ಡ್ ಜಾರ್ವಿಸ್ ಮತ್ತು ಪಾಲ್ ಗ್ಯಾನ್ ಸಹಿ ಸಂಗ್ರಹಿಸಿ ವಿಷಯವನ್ನು ನೇರ ಮತದಾನಕ್ಕೆ ತಂದರು. 1978ರ ಜೂನ್ 6ರಂದು ಪ್ರೊಪೊಸಿಷನ್ 13, ಅಂದರೆ ರಾಜ್ಯದ ಸಂವಿಧಾನ ತಿದ್ದಲು ಹಾಗೆ ಮತಕ್ಕೆ ಬಂದ 13ನೇ ಪ್ರಸ್ತಾವ, ಗೆದ್ದಿತು. ಮತ ಹಾಕಿದವರಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಎರಡು ಪಾಲು ಜನ ಹೌದು ಅಂದಿದ್ದರು.

ಆ ತಿದ್ದುಪಡಿ ಹೇಳಿದ್ದು ಇಷ್ಟು. ತೆರಿಗೆಯ ಮೂಲ ದರ ಶೇ. 1 ಮೀರಬಾರದು. ನೀವು ಮನೆ ಕೊಂಡಾಗಿನ ಬೆಲೆಯೇ ನಿಮ್ಮ ಮನೆಯ ಮೂಲ ಬೆಲೆ. ಆಮೇಲೆ ಪ್ರತಿ ವರ್ಷ ಹಣದುಬ್ಬರಕ್ಕೆ ತಕ್ಕಂತೆ ಅದನ್ನು ಏರಿಸಬಹುದು, ಆದರೆ ಶೇ. 2 ದಾಟುವಂತಿಲ್ಲ. ಮನೆ ಕೈ ಬದಲಾದಾಗ ಮೂಲ ಬೆಲೆ ಹೊಸದಾಗಿ ನಿಗದಿಯಾಗುತ್ತದೆ. ಹೊಸದಾಗಿ ಏನಾದರೂ ಕಟ್ಟಿಸಿದರೆ ಅಷ್ಟರ ಬೆಲೆ ಸೇರುತ್ತದೆ. ಮೂಲ ದರದ ಮೇಲೆ ಜನ ಮತ ಹಾಕಿ ಒಪ್ಪಿದ ಶಾಲೆ, ಸಾರಿಗೆ ಮುಂತಾದ ಬಾಂಡುಗಳ (ಸಾರ್ವಜನಿಕ ಸಾಲಗಳ) ಹಣವೂ ಬೀಳುವುದರಿಂದ ಬಹಳಷ್ಟು ಕಡೆ ಒಟ್ಟು ದರ ಶೇ. 1.1ರಿಂದ 1.25ರ ಆಸುಪಾಸಿಗೆ ಬರುತ್ತದೆ.

ಗೆಳೆಯನ 20 ಲಕ್ಷಕ್ಕೆ ಶೇ. 2 ಅಂದರೆ 40 ಸಾವಿರ. ಆ 40 ಸಾವಿರ ಮಾರುಕಟ್ಟೆ ನೋಡಿ ಹಾಕಿದ್ದಲ್ಲ, ಪ್ರತಿ ವರ್ಷ ಹಾಕುವ ಏರಿಕೆ ಅಷ್ಟೇ.

ಊರಲ್ಲಿ ಮನೆ ಕಂದಾಯ ಕಟ್ಟಿ ಅಭ್ಯಾಸ ಇರುವವರಿಗೆ ಇದು ಸ್ವಲ್ಪ ವಿಚಿತ್ರ ಅನ್ನಿಸುತ್ತದೆ. ಬೆಂಗಳೂರಿನಲ್ಲಿ 2008ರಲ್ಲಿ ಬಂದ ಪದ್ಧತಿಯಲ್ಲಿ ನೀವು ಮನೆಗೆ ಎಷ್ಟು ಕೊಟ್ಟಿರಿ ಅನ್ನುವುದು ಲೆಕ್ಕಕ್ಕೇ ಬರಲಿಲ್ಲ. ಮನೆ ಯಾವ ವಲಯದಲ್ಲಿದೆ, ಎಷ್ಟು ಚದರಡಿ, ಸ್ವಂತಕ್ಕೋ ಬಾಡಿಗೆಗೋ, ಕಟ್ಟಡಕ್ಕೆ ವಯಸ್ಸೆಷ್ಟು ಅನ್ನುವುದರ ಮೇಲೆ ಕಂದಾಯ ನಿಂತಿತ್ತು. ಒಂದೇ ಬೀದಿಯ ಒಂದೇ ಥರದ ಎರಡು ಮನೆಗೆ ಹೆಚ್ಚುಕಮ್ಮಿ ಒಂದೇ ಕಂದಾಯ. ಕ್ಯಾಲಿಫೋರ್ನಿಯಾದಲ್ಲಿ ಹಾಗಲ್ಲ. ಪಕ್ಕದ ಮನೆಯವರು ಇಪ್ಪತ್ತೈದು ವರ್ಷದ ಹಿಂದೆ ಕೊಂಡಿದ್ದರೆ ಅವರು ಕಟ್ಟುವುದು ನಿಮ್ಮ ಮೂರನೇ ಒಂದು ಭಾಗವೂ ಇರಬಹುದು.

ಯಾವುದು ಕಡಿಮೆಯೋ ಅದು

ಪ್ರೊಪೊಸಿಷನ್ 13 ಬೆಲೆ ಏರುವ ಕಾಲವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಬೆಲೆ ಬಿದ್ದರೆ ಏನು ಗತಿ? ಆ ಪ್ರಶ್ನೆ ಬೇಗನೆ ಎದ್ದಿತು. ಅದೇ ವರ್ಷ ನವೆಂಬರಿನಲ್ಲಿ ಮತ್ತೆ ಮತದಾನ ನಡೆದು ಪ್ರೊಪೊಸಿಷನ್ 8 ಪಾಸಾಯಿತು. ಹಾನಿಯಿಂದಲೋ ಬೇರೆ ಕಾರಣದಿಂದಲೋ ಆಸ್ತಿಯ ಬೆಲೆ ಇಳಿದರೆ ತೆರಿಗೆಯ ಬೆಲೆಯನ್ನೂ ಇಳಿಸಬೇಕು ಅನ್ನುವುದು ಅದರ ಸಾರ.

ಈಗ ಲೆಕ್ಕ ಹೀಗೆ. ನಿಮ್ಮ ಮನೆಗೆ ಪ್ರತಿ ವರ್ಷ ಎರಡು ಬೆಲೆ ಇರುತ್ತದೆ. ಒಂದು, ಕೊಂಡ ಬೆಲೆಗೆ ವರ್ಷ ವರ್ಷದ ಏರಿಕೆ ಸೇರಿಸಿದ್ದು. ಇದನ್ನು ಏರಿಸಿದ ಮೂಲ ಬೆಲೆ ಅಂತ ಕರೆಯೋಣ. ಇನ್ನೊಂದು, ಆ ವರ್ಷದ ಜನವರಿ 1ರಂದು ಮನೆ ಮಾರುಕಟ್ಟೆಯಲ್ಲಿ ಎಷ್ಟಕ್ಕೆ ಹೋಗುತ್ತಿತ್ತು ಅನ್ನುವುದು. ಎರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ ತೆರಿಗೆ.

ಗೆಳೆಯನ ಮನೆಯ ಏರಿಸಿದ ಮೂಲ ಬೆಲೆ 20,40,000. ಹಿಂದಿನ ಬೀದಿಯ ಮನೆಯನ್ನು ನಂಬಿದರೆ ಮಾರುಕಟ್ಟೆ ಬೆಲೆ 17,50,000ದ ಹತ್ತಿರ. ಹಾಗಾದರೆ ಅವನು ತೆರಿಗೆ ಕಟ್ಟಬೇಕಾದ್ದು ಈ ಎರಡನೆಯದರ ಮೇಲೆ. ವ್ಯತ್ಯಾಸ 2,90,000. ಅವನ ಕಡೆ ಒಟ್ಟು ದರ ಶೇ. 1.2 ಅಂತ ಹಿಡಿದರೆ ವರ್ಷಕ್ಕೆ ಸುಮಾರು 3,480 ಡಾಲರ್. ಸಣ್ಣ ಮೊತ್ತವೇನಲ್ಲ ಅಲ್ವಾ?

ಅವನ ಪಕ್ಕದ ಮನೆಯ ಅಜ್ಜ ಅದೇ ಥರದ ಮನೆಯನ್ನು 1998ರಲ್ಲಿ 4 ಲಕ್ಷಕ್ಕೆ ಕೊಂಡಿದ್ದರು ಅಂತ ಇಟ್ಟುಕೊಳ್ಳಿ. ಪ್ರತಿ ವರ್ಷ ಪೂರ್ತಿ ಶೇ. 2 ಏರಿಸಿದರೂ 2023ರ ಹೊತ್ತಿಗೆ ಅವರ ಏರಿಸಿದ ಮೂಲ ಬೆಲೆ 6.6 ಲಕ್ಷ ದಾಟುವುದಿಲ್ಲ. ಮಾರುಕಟ್ಟೆ 20 ಲಕ್ಷದಿಂದ 17.5ಕ್ಕೆ ಬಿದ್ದರೂ ಅವರ ಬೆಲೆ ಅದಕ್ಕಿಂತ ಎಷ್ಟೋ ಕೆಳಗಿದೆ. ಅವರಿಗೆ ಕಡಿತ ಸಿಗುವುದಿಲ್ಲ. "ಊರೆಲ್ಲ ಬೆಲೆ ಬಿದ್ದಿದೆ, ನನಗೂ ಇಳಿಸಿ" ಅಂತ ಹಳಬರು ಅರ್ಜಿ ಹಾಕಿ ಸುಮ್ನೆ ಸಮಯ ಕಳೆಯುವುದನ್ನು ನಾನು ನೋಡಿದ್ದೇನೆ. ಅರ್ಜಿ ಹಾಕುವ ಮೊದಲು ನೋಟಿಸಿನಲ್ಲಿರುವ ಅಂಕಿ ನೋಡಿ. ಆ ಬೆಲೆಗೆ ನಿಮ್ಮ ಮನೆಯನ್ನು ಯಾರಾದರೂ ಕಣ್ಣುಮುಚ್ಚಿ ಕೊಳ್ಳುತ್ತಾರೆ ಅಂತಿದ್ದರೆ ಅಲ್ಲಿಗೆ ಬಿಟ್ಟುಬಿಡಿ.

ಇದೇ ಕಾರಣಕ್ಕೆ 2023 ವಿಶೇಷ ವರ್ಷವಾಯಿತು. 2022ರ ಆರಂಭದಲ್ಲಿ ಮೂವತ್ತು ವರ್ಷದ ಗೃಹಸಾಲದ ಬಡ್ಡಿ ಶೇ. 3ರ ಸ್ವಲ್ಪ ಮೇಲಿತ್ತು. ಅಕ್ಟೋಬರ್ ಕೊನೆಗೆ ಶೇ. 7 ದಾಟಿತ್ತು. ವಸಂತದಲ್ಲಿ ಪೈಪೋಟಿಗೆ ಬಿದ್ದು, ಕೇಳಿದ್ದಕ್ಕಿಂತ ಲಕ್ಷಗಟ್ಟಲೆ ಜಾಸ್ತಿ ಕೊಟ್ಟು ಕೊಂಡವರಿಗೆ ಚಳಿಗಾಲದ ಹೊತ್ತಿಗೆ ಬೆಲೆ ಕೆಳಗಿಳಿದದ್ದು ಕಾಣಿಸಿತು. 2023ರ ಜನವರಿ 1 ಬಂದದ್ದು ಸರಿಯಾಗಿ ಆ ಹಳ್ಳದಲ್ಲಿ.

ಎಲ್ಲವೂ ಜನವರಿ 1ರ ಮೇಲೆ ನಿಂತಿದೆ

ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಡುತ್ತೀರಿ ಅಂದರೆ ಈ ತಾರೀಖು ನೆನಪಿಡಿ. ಜನರು ಎಡವುವುದು ಇಲ್ಲೇ.

ಅಲ್ಲಿಯ ತೆರಿಗೆ ವರ್ಷ ಜುಲೈ 1ರಿಂದ ಜೂನ್ 30ರವರೆಗೆ. ಆದರೆ ಆ ವರ್ಷದ ಬೆಲೆ ನಿರ್ಧಾರವಾಗುವುದು ಅದಕ್ಕೂ ಆರು ತಿಂಗಳ ಹಿಂದಿನ ಜನವರಿ 1ರಂದು. ನೋಟಿಸ್ ಕೈಗೆ ಬರುವಾಗ ಬೇಸಿಗೆ, ಬಿಲ್ ಬರುವಾಗ ಅಕ್ಟೋಬರ್. ಆ ಹೊತ್ತಿಗೆ ಮಾರುಕಟ್ಟೆ ಏನಾಗಿದೆ ಅನ್ನುವುದು ಲೆಕ್ಕಕ್ಕಿಲ್ಲ. ಮಾರ್ಚಿನಿಂದ ಆಗಸ್ಟ್‌ವರೆಗೆ ಬೆಲೆ ಕುಸಿದಿದ್ದರೆ ಅದರ ಪರಿಣಾಮ ಕಾಣುವುದು ಮುಂದಿನ ಜನವರಿ 1ರ ಬೆಲೆಯಲ್ಲಿ. ತಿರುಗಾ ಅಷ್ಟೇ, ಜನವರಿಯಲ್ಲಿ ಬಿದ್ದಿದ್ದ ಬೆಲೆ ಜುಲೈಗೆ ಚೇತರಿಸಿಕೊಂಡಿದ್ದರೂ ನಿಮ್ಮ ಹಕ್ಕು ಹೋಗುವುದಿಲ್ಲ.

ಹಾಗಾದರೆ ಜನವರಿ 1ರ ಬೆಲೆ ತೋರಿಸುವುದು ಹೇಗೆ? ನಿಮ್ಮ ಮನೆಯಂಥ ಮನೆಗಳು ಆ ತಾರೀಖಿನ ಆಸುಪಾಸಿನಲ್ಲಿ ಎಷ್ಟಕ್ಕೆ ಮಾರಾಟವಾದವು ಅಂತ ತೋರಿಸಬೇಕು. ಅಲ್ಲಿ ಎಲ್ಲರೂ ಇವನ್ನು ಕಾಂಪ್ಸ್ ಅನ್ನುತ್ತಾರೆ. ಕಾನೂನು ಇಲ್ಲಿ ಒಂದು ಗೆರೆ ಎಳೆದಿದೆ. ಜನವರಿ 1 ಆಗಿ 90 ದಿನ ದಾಟಿದ ಮೇಲೆ, ಅಂದರೆ ಮಾರ್ಚ್ ಕೊನೆಯ ನಂತರ, ಆದ ಮಾರಾಟವನ್ನು ಪರಿಗಣಿಸುವಂತಿಲ್ಲ.

ಗೆಳೆಯ ಆಗಲೇ ಆರು ಮನೆಗಳ ಪಟ್ಟಿ ಮಾಡಿಟ್ಟಿದ್ದ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದೊಂದಾಗಿ ನೋಡಿದೆವು. ಮೊದಲನೆಯದು ಜೂನಿನಲ್ಲಿ ಮಾರಾಟವಾಗಿತ್ತು. ತಾರೀಖಿನಲ್ಲೇ ಬಿತ್ತು. ಎರಡನೆಯದು ಗೋಡೆಗೆ ಗೋಡೆ ಅಂಟಿದ ಟೌನ್‌ಹೌಸ್, ಇವನದು ಬಿಡಿ ಮನೆ. ಮೂರನೆಯದು ಅರ್ಧ ಮೈಲಿ ದೂರದಲ್ಲೇ ಇತ್ತು, ಆದರೆ ದೊಡ್ಡ ರಸ್ತೆ ದಾಟಿದರೆ ಶಾಲಾ ಜಿಲ್ಲೆಯೇ ಬೇರೆ. ಅಲ್ಲಿ ಶಾಲೆಯ ಗಡಿ ಬದಲಾದರೆ ಬೆಲೆ ಎಷ್ಟು ಬದಲಾಗುತ್ತದೆ ಅಂತ ಮಕ್ಕಳಿರುವ ಯಾರನ್ನು ಕೇಳಿದರೂ ಹೇಳುತ್ತಾರೆ. ನಾಲ್ಕನೆಯದು ಅರವತ್ತರ ದಶಕದ ಅಡುಗೆಮನೆ, ಸೋರುವ ಚಾವಣಿ ಇದ್ದ ಮನೆ. ಇವನ ಮನೆಗೆ ಹಿಂದಿನವರು ಎಲ್ಲ ಹೊಸದು ಮಾಡಿಸಿದ್ದರು. ಅದನ್ನು ಇಟ್ಟುಕೊಂಡಿದ್ದರೆ ಅಧಿಕಾರಿ ಮೊದಲು ಅದನ್ನೇ ಹಿಡಿಯುತ್ತಿದ್ದರು.

ಉಳಿದದ್ದು ಎರಡು. ಹಿಂದಿನ ಬೀದಿಯ ಮನೆ, ಮತ್ತು ಡಿಸೆಂಬರಿನಲ್ಲಿ ಹೋದ ಇನ್ನೊಂದು. ಹುಡುಕಿ ನವೆಂಬರಿನ ಒಂದನ್ನು ಸೇರಿಸಿದೆವು. ಅದು ನೂರಿಪ್ಪತ್ತು ಚದರಡಿ ಸಣ್ಣದು ಅನ್ನುವುದನ್ನೂ ಬರೆದೆವು. ತನಗೆ ವಿರುದ್ಧವಾದ ವ್ಯತ್ಯಾಸವನ್ನು ಯಾಕೆ ಬರೆಯಬೇಕು ಅಂತ ಅವನು ಕೇಳಿದ. ನಾವು ಬರೆಯದಿದ್ದರೆ ಅವರು ಕಂಡುಹಿಡಿಯುತ್ತಾರೆ, ಆಗ ಉಳಿದ ಎರಡನ್ನೂ ನಂಬುವುದಿಲ್ಲ ಅಂದೆ. ಆರು ಅರೆಬರೆ ಮನೆಗಿಂತ ಮೂರು ಗಟ್ಟಿ ಮನೆ ವಾಸಿ.

ಜಾಲತಾಣಗಳು ಯಂತ್ರದಿಂದ ಹಾಕಿ ತೋರಿಸುವ ಅಂದಾಜು ಬೆಲೆಯನ್ನು ನೆಚ್ಚಿಕೊಳ್ಳಬೇಡಿ. ಆದ ಮಾರಾಟವೇ ಗಟ್ಟಿ ಸಾಕ್ಷಿ. ಹಾಗೆಯೇ "ನನ್ನ ಸಾಲವೇ ಮನೆ ಬೆಲೆಗಿಂತ ಜಾಸ್ತಿ ಇದೆ", "ಪಕ್ಕದವರು ನನ್ನ ಅರ್ಧ ಕಟ್ಟುತ್ತಾರೆ" ಅನ್ನುವ ವಾದಗಳು ಎಷ್ಟೇ ಸಂಕಟದಿಂದ ಬಂದರೂ ಇಲ್ಲಿ ನಡೆಯುವುದಿಲ್ಲ.

ಎರಡು ಬಾಗಿಲು

ಒಂದು ಸುಲಭದ ಬಾಗಿಲು. ಅಸೆಸರ್ ಕಚೇರಿಗೇ ಮರುಪರಿಶೀಲನೆ ಕೇಳುವುದು. ಬೆಲೆ ಬಿದ್ದ ವರ್ಷಗಳಲ್ಲಿ ಅನೇಕ ಕೌಂಟಿಗಳ ಕಚೇರಿಗಳು ತಾವಾಗಿಯೇ ಇತ್ತೀಚೆಗೆ ಕೈ ಬದಲಾದ ಮನೆಗಳನ್ನು ನೋಡಿ ಇಳಿಸುತ್ತವೆ. ಆದ್ದರಿಂದ ಮೊದಲು ನೋಟಿಸ್ ಓದಿ. ಇಳಿಸಿಲ್ಲ ಅಂದರೆ ಕಚೇರಿಯ ಜಾಲತಾಣದಲ್ಲಿ ಅರ್ಜಿ ಇರುತ್ತದೆ. ಒಂದೆರಡು ಪುಟ, ದುಡ್ಡು ಕೇಳುವುದಿಲ್ಲ. ಮನೆಯ ಪಾರ್ಸೆಲ್ ಸಂಖ್ಯೆ (ಜಾಗದ ಗುರುತಿನ ಸಂಖ್ಯೆ), ನಿಮ್ಮ ಪ್ರಕಾರ ಬೆಲೆ ಎಷ್ಟು, ಕಾಂಪ್ಸ್ ಯಾವುವು, ಅಷ್ಟೇ.

ಇನ್ನೊಂದು ಗಟ್ಟಿ ಬಾಗಿಲು. ಅಸೆಸ್‌ಮೆಂಟ್ ಅಪೀಲ್ಸ್ ಬೋರ್ಡಿಗೆ ಮೇಲ್ಮನವಿ. ಇದು ಅಸೆಸರ್ ಕೈಕೆಳಗಿನದಲ್ಲ, ಬೇರೆಯೇ ಮಂಡಳಿ. ಇಬ್ಬರ ವಾದವನ್ನೂ ಕೇಳಿ ತೀರ್ಮಾನ ಕೊಡುತ್ತದೆ. ಕೆಲವು ಕೌಂಟಿಗಳಲ್ಲಿ ಸಣ್ಣ ಶುಲ್ಕ ಇದೆ. ಅರ್ಜಿ ತೆಗೆದುಕೊಳ್ಳುವುದು ಜುಲೈ 2ರಿಂದ. ಕೊನೆಯ ದಿನ ಕೌಂಟಿಗೊಂದು ಥರ. ಸಾಂಟಾ ಕ್ಲಾರಾದಲ್ಲಿ ಸೆಪ್ಟೆಂಬರ್ 15, ಲಾಸ್ ಏಂಜಲೀಸ್‌ನಲ್ಲಿ ನವೆಂಬರ್ 30. ಈ ತಾರೀಖು ತಪ್ಪಿದರೆ ಆ ವರ್ಷದ ಮೇಲ್ಮನವಿ ಬಾಗಿಲು ಮುಚ್ಚಿದ ಹಾಗೆಯೇ.

ಇಲ್ಲೊಂದು ಅಪಾಯ ಇದೆ. ಮರುಪರಿಶೀಲನೆಗೆ ಕೊಟ್ಟು ಉತ್ತರ ಕಾಯುತ್ತಾ ಕೂತರೆ ಮೇಲ್ಮನವಿಯ ದಿನ ದಾಟಿ ಹೋಗಬಹುದು. ಕೊನೆಯ ದಿನ ಹತ್ತಿರ ಬಂದರೂ ಉತ್ತರ ಬಂದಿಲ್ಲ ಅಂದರೆ ಮೇಲ್ಮನವಿಯನ್ನೂ ಹಾಕಿಬಿಡಿ. ಆಮೇಲೆ ಒಪ್ಪಂದಕ್ಕೆ ಬಂದರೆ ಹಿಂದಕ್ಕೆ ತಗೊಳ್ಳಬಹುದು.

ಮೇಲ್ಮನವಿ ಅಂದರೆ ಕೋರ್ಟು ಕಚೇರಿ ಅಂತ ಹೆದರುವವರು ಜಾಸ್ತಿ. ಆದರೆ ತಾವೇ ವಾಸ ಇರುವ ಮನೆಯ ವಿಷಯದಲ್ಲಿ ಕಾನೂನು ಮಾಲೀಕರ ಕಡೆಗೆ ವಾಲಿದೆ. ಕೇಳಿದ ಮಾಹಿತಿ ಎಲ್ಲ ನೀವು ಕೊಟ್ಟಿದ್ದರೆ, ತಮ್ಮ ಬೆಲೆ ಸರಿ ಅಂತ ಸಾಬೀತು ಮಾಡುವ ಹೊಣೆ ಅಸೆಸರ್ ಮೇಲೆ ಬೀಳುತ್ತದೆ. ಇನ್ನೊಂದು ರಕ್ಷಣೆಯೂ ಇದೆ. ಸರಿಯಾಗಿ, ಸಮಯಕ್ಕೆ ಹಾಕಿದ ಅರ್ಜಿಯನ್ನು ಮಂಡಳಿ ಎರಡು ವರ್ಷದೊಳಗೆ ತೀರ್ಮಾನಿಸಬೇಕು. ಇಲ್ಲದಿದ್ದರೆ ನೀವು ಬರೆದ ಬೆಲೆಯೇ ನಿಲ್ಲುತ್ತದೆ. ಅದಕ್ಕೇ ಕೆಲವೊಮ್ಮೆ ಗಡುವು ವಿಸ್ತರಣೆಗೆ ಸಹಿ ಕೇಳುತ್ತಾರೆ. ಓದದೆ ಸಹಿ ಹಾಕಬೇಡಿ. ಒಂದು ಎಚ್ಚರಿಕೆಯನ್ನೂ ಹೇಳಬೇಕು, ಮಂಡಳಿಗೆ ಬೆಲೆ ಏರಿಸುವ ಅಧಿಕಾರವೂ ಇದೆ. ಬಾಯಿಗೆ ಬಂದ ಅಂಕಿ ಬರೆದು ಹೋಗಬಾರದು.

ಅರ್ಜಿ ಬಾಕಿ ಇದೆ ಅಂತ ತೆರಿಗೆ ಕಟ್ಟದೆ ಇರುವುದು ದೊಡ್ಡ ತಪ್ಪು. ಮೊದಲ ಕಂತು ಡಿಸೆಂಬರ್ 10ರೊಳಗೆ, ಎರಡನೆಯದು ಏಪ್ರಿಲ್ 10ರೊಳಗೆ ಹೋಗಲೇಬೇಕು. ತಪ್ಪಿದರೆ ಶೇ. 10 ದಂಡ. ಗೆದ್ದರೆ ಜಾಸ್ತಿ ಕಟ್ಟಿದ್ದು ವಾಪಸ್ ಬರುತ್ತದೆ.

ಗೆಳೆಯನ ಫ್ರಿಜ್ ಮೇಲೆ ಆ ದಿನ ಇನ್ನೊಂದು ಕಾಗದವೂ ಇತ್ತು. ಸರ್ಕಾರದ ಪತ್ರದ ಹಾಗೇ ಕಾಣುವ ಲಕೋಟೆ, ದಪ್ಪ ಅಕ್ಷರದಲ್ಲಿ ಕೊನೆಯ ದಿನ, ಕೆಳಗೆ ಶುಲ್ಕ. ನಿಮ್ಮ ತೆರಿಗೆ ಇಳಿಸಿಕೊಡುತ್ತೇವೆ ಅನ್ನುವ ಖಾಸಗಿಯವರದು. ಅವನ ಹೆಂಡತಿ ಚೆಕ್ ಬರೆದು ಇಟ್ಟಿದ್ದಳು, ಅಂಚೆಗೆ ಹಾಕುವುದೊಂದು ಬಾಕಿ. ಅವರು ಮಾಡುವುದು ಅದೇ ಉಚಿತ ಅರ್ಜಿ ತುಂಬಿಸುವುದು. ಇಂಥ ಪತ್ರಗಳ ಬಗ್ಗೆ ಅಸೆಸರ್ ಕಚೇರಿಗಳೇ ಎಚ್ಚರಿಸುತ್ತಾ ಬಂದಿವೆ. ಹೊಸದಾಗಿ ಮನೆ ಕೊಂಡವರಿಗೆ, ಅಲ್ಲಿಯ ಕಾಗದಪತ್ರ ಇನ್ನೂ ಅಭ್ಯಾಸವಾಗದವರಿಗೆ ಇವು ನಿಜವಾದ ಬಿಲ್ ಹಾಗೇ ಕಾಣುತ್ತವೆ. ದಯವಿಟ್ಟು ನಿಮ್ಮ ಪರಿಚಯದವರಿಗೂ ಹೇಳಿ.

ಇನ್ನು, ಬಿಲ್ಲಿನಲ್ಲಿ ಎಲ್ಲವೂ ಇಳಿಯುವುದಿಲ್ಲ. ಮನೆಗಿಷ್ಟು ಅಂತ ಹಾಕುವ ಪಾರ್ಸೆಲ್ ತೆರಿಗೆ, ಹೊಸ ಬಡಾವಣೆಗಳಲ್ಲಿ ರಸ್ತೆ, ಚರಂಡಿ, ಶಾಲೆಗಾಗಿ ಹಾಕುವ ಮೆಲ್ಲೊ ರೂಸ್ ತೆರಿಗೆ ಇವು ಮನೆ ಬೆಲೆಯ ಮೇಲೆ ನಿಂತಿಲ್ಲ. ಬೆಲೆ ಅರ್ಧಕ್ಕೆ ಬಿದ್ದರೂ ಅವು ಹಾಗೇ ಇರುತ್ತವೆ. ಬೆಂಕಿ, ಭೂಕಂಪ, ನೆರೆಯಿಂದ ಹಾನಿಯಾದರೆ ಅದಕ್ಕೆ ಬೇರೆ ಅರ್ಜಿ. ಹಾನಿ ಕನಿಷ್ಠ 10,000 ಡಾಲರ್ ಇರಬೇಕು, 12 ತಿಂಗಳೊಳಗೆ ಕೇಳಬೇಕು. ಅದಕ್ಕೆ ಮುಂದಿನ ಜನವರಿವರೆಗೆ ಕಾಯಬೇಕಾಗಿಲ್ಲ.

ಇಳಿದದ್ದು ಮತ್ತೆ ಏರುತ್ತದೆ

ಕಡಿತ ಸಿಕ್ಕವರಿಗೆ ಮುಂದೆ ಆಘಾತ ಆಗುವುದು ಇಲ್ಲಿ. ಪ್ರೊಪೊಸಿಷನ್ 8ರ ಕಡಿತ ತಾತ್ಕಾಲಿಕ. ನಿಮ್ಮ ಏರಿಸಿದ ಮೂಲ ಬೆಲೆ ಅಳಿಸಿ ಹೋಗಿಲ್ಲ. ಅದು ಒಳಗೊಳಗೇ ವರ್ಷಕ್ಕೆ ಶೇ. 2ರವರೆಗೆ ಬೆಳೆಯುತ್ತಲೇ ಇರುತ್ತದೆ. ಕಚೇರಿಯವರು ಪ್ರತಿ ಜನವರಿ 1ಕ್ಕೆ ಮತ್ತೆ ಎರಡು ಬೆಲೆ ಹೋಲಿಸುತ್ತಾರೆ. ಮಾರುಕಟ್ಟೆ ಏರಿದರೆ ನಿಮ್ಮ ತೆರಿಗೆಯ ಬೆಲೆಯೂ ಏರುತ್ತದೆ. ಆ ಏರಿಕೆಗೆ ಶೇ. 2ರ ತಡೆ ಇಲ್ಲ. ಅದು ನಿಲ್ಲುವುದು ಏರಿಸಿದ ಮೂಲ ಬೆಲೆ ಮುಟ್ಟಿದಾಗ.

ಇದು ಅನ್ಯಾಯ ಅಂತ ಆರೆಂಜ್ ಕೌಂಟಿಯಲ್ಲಿ ಮೊಕದ್ದಮೆಯೇ ನಡೆದಿತ್ತು. 2001ರಲ್ಲಿ ಕೆಳಗಿನ ಕೋರ್ಟು ಮನೆ ಮಾಲೀಕರ ಪರವಾಗಿ ಹೇಳಿತು. ರಾಜ್ಯದ ಕೌಂಟಿಗಳೆಲ್ಲ ಕಂಗಾಲಾದವು. 2004ರಲ್ಲಿ ಮೇಲ್ಮನವಿ ಕೋರ್ಟು ಅದನ್ನು ತಳ್ಳಿಹಾಕಿತು. ನನಗೂ ಎರಡನೆಯ ತೀರ್ಪೇ ಸರಿ ಅನ್ನಿಸುತ್ತದೆ. ಕಷ್ಟಕಾಲದಲ್ಲಿ ಕೊಟ್ಟ ರಿಯಾಯಿತಿ ಕಾಯಂ ಆಗಿಬಿಟ್ಟರೆ, ಹಳ್ಳಕ್ಕೆ ಬಿದ್ದ ವರ್ಷ ಕಡಿತ ಪಡೆದವರಿಗೆ ಒಂದು ನ್ಯಾಯ, ಉಳಿದವರಿಗೆ ಇನ್ನೊಂದು ಆಗುತ್ತದೆ.

2008ರ ಕುಸಿತ ನೋಡಿದವರಿಗೆ ಈ ಏರಿಳಿತ ಚೆನ್ನಾಗಿ ಗೊತ್ತು. ಬೇ ಏರಿಯಾದ ಪೂರ್ವಕ್ಕೆ ಬೆಟ್ಟ ದಾಟಿದರೆ ಸಿಗುವ ಮೌಂಟನ್ ಹೌಸ್‌ನಲ್ಲಿ ಆ ವರ್ಷ ಹೆಚ್ಚುಕಮ್ಮಿ ಹತ್ತರಲ್ಲಿ ಒಂಬತ್ತು ಮನೆಗಳ ಮೇಲೆ, ಮನೆಯ ಬೆಲೆಗಿಂತ ಸಾಲವೇ ಜಾಸ್ತಿ ಇತ್ತು. ಈಗ ಅಲ್ಲಿ ಭಾರತೀಯ ಕುಟುಂಬಗಳು ತುಂಬಾ ಇವೆ. 2010–11ರಲ್ಲಂತೂ ಪ್ರತಿ ವರ್ಷದ ಆ ಏರಿಕೆಯೇ ಶೇ. 0.237ರಷ್ಟು ಸೊನ್ನೆಗಿಂತ ಕೆಳಗೆ ಹೋಯಿತು. ಪ್ರೊಪೊಸಿಷನ್ 13 ಬಂದ ಮೇಲೆ ಹಾಗಾದದ್ದು ಅದೇ ಮೊದಲು. ಆಮೇಲೆ ಮಾರುಕಟ್ಟೆ ಚೇತರಿಸಿಕೊಂಡಾಗ, ಕಡಿತ ಪಡೆದಿದ್ದವರ ತೆರಿಗೆ ವರ್ಷಕ್ಕೆ ಶೇ. 2 ಮೀರಿ ಏರಿತು.

ಗೆಳೆಯನಿಗೆ ಆ ವರ್ಷ ಮರುಪರಿಶೀಲನೆಯಲ್ಲೇ ಕೆಲಸ ಆಯಿತು. ಕಚೇರಿಯವರು 17,80,000ಕ್ಕೆ ಇಳಿಸಿದರು. ಸುಮಾರು 3,120 ಡಾಲರ್ ಉಳಿಯಿತು. 2024ರ ಜುಲೈಯಲ್ಲಿ ಅವನ ಹೆಂಡತಿಯ ಫೋನ್. "ಅಣ್ಣಾ, ಈ ಸಲ 19 ಲಕ್ಷ ಅಂತ ಬಂದಿದೆ. ಶೇ. 2 ಮೀರಬಾರದು ಅಂದಿದ್ರಲ್ಲ?" ಹೊಸ ಏರಿಸಿದ ಮೂಲ ಬೆಲೆ 20,80,800, ನೀವು ಇನ್ನೂ ಅದರ ಕೆಳಗೇ ಇದ್ದೀರಿ, ಈ ವರ್ಷವೂ ಕಡಿತದಲ್ಲೇ ಇದ್ದೀರಿ ಅಂತ ವಿವರಿಸಿದೆ. ಜನವರಿಯ ಕಾಂಪ್ಸ್ ನೋಡಿದೆವು. 19 ನ್ಯಾಯವಾಗಿಯೇ ಇತ್ತು. ಅರ್ಜಿ ಹಾಕಲಿಲ್ಲ.

ಮುಂದಿನ ವರ್ಷ ಮಾರುಕಟ್ಟೆ 21.22 ಲಕ್ಷ ದಾಟಿದರೆ ಬೆಲೆ ನೇರವಾಗಿ 21,22,416ಕ್ಕೆ ಹೋಗುತ್ತದೆ ಅಂತ ಆಗಲೇ ಅವಳಿಗೆ ಹೇಳಿ ಬರೆಸಿಟ್ಟೆ. ಅವರ ಮನೆಯ ತೆರಿಗೆ ಕಟ್ಟುವುದು ಸಾಲ ಕೊಟ್ಟ ಬ್ಯಾಂಕು. ಬ್ಯಾಂಕು ಹೋದ ವರ್ಷದ ಕಡಿಮೆ ಬಿಲ್ ನೋಡಿ ತಿಂಗಳ ಕಂತು ಇಳಿಸುತ್ತದೆ, ಮರುವರ್ಷ ಬಿಲ್ ಏರಿದಾಗ ಕೊರತೆಯನ್ನೂ ಸೇರಿಸಿ ಕಂತು ಒಮ್ಮೆಲೇ ಏರಿಸುತ್ತದೆ. ಕಡಿತ ಸಿಕ್ಕ ವರ್ಷ ಉಳಿದ ದುಡ್ಡನ್ನು ಅದಕ್ಕೇ ಅಂತ ಪಕ್ಕಕ್ಕೆ ಇಟ್ಟಿರಿ ಅಂದೆ. ಅವಳು ನೋಟಿಸಿನ ಹಿಂದೆಯೇ ಆ ಅಂಕಿ ಬರೆದು ಮತ್ತೆ ಫ್ರಿಜ್‌ಗೆ ಸಿಕ್ಕಿಸಿದಳಂತೆ.